ಕಾಂಪ್ಟನ್‌ಗೆ ಹೋದರೆ ಮೊದಲು ಚಾಪೆಲ್ ನೋಡಿ

ಲಂಡನ್ನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವಂಥ ಜಾಗ ಹುಡುಕುತ್ತಿದ್ದರೆ ಸರ್ರೆಯ ಕಾಂಪ್ಟನ್ ಹಳ್ಳಿಗೆ ಹೋಗಿ ಬನ್ನಿ. ವಾಟರ್ಲೂ ಸ್ಟೇಷನ್ನಿನಿಂದ ಗಿಲ್ಡ್‌ಫರ್ಡ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆ ಅಂದುಕೊಳ್ಳಿ. ಅಲ್ಲಿಂದ ನಾವು ನಾರ್ತ್ ಡೌನ್ಸ್ ವೇ ಎಂಬ ಕಾಲುದಾರಿ ಹಿಡಿದು ಒಂದೂವರೆ ಗಂಟೆ ನಡೆದೆವು. ಹಿಂದಿನ ದಿನ ಮಳೆ ಬಂದಿತ್ತು, ದಾರಿಯೆಲ್ಲ ಕೆಸರು, ಹಾಗಾಗಿ ಒಳ್ಳೆಯ ಶೂ ಹಾಕಿಕೊಳ್ಳಿ. ಬಸ್ಸೂ ಇದೆ, ಆದರೆ ಜಾಸ್ತಿ ಇಲ್ಲ. ವಾಪಸ್ ಬರುವಾಗ ಒಂದು ತಪ್ಪಿಹೋಗಿ ಗಂಟೆಗಟ್ಟಲೆ ಕಾದೆವು, ನೀವು ಸಮಯ ಮೊದಲೇ ನೋಡಿಟ್ಟುಕೊಳ್ಳಿ.

ಬಹಳ ಜನ ನೇರವಾಗಿ ವಾಟ್ಸ್ ಗ್ಯಾಲರಿಗೆ ಹೋಗುತ್ತಾರೆ, ಚಿತ್ರಕಾರ ಜಿ. ಎಫ್. ವಾಟ್ಸ್ ಅವರ ಹೆಸರು ದೊಡ್ಡದು ಅಲ್ವಾ. ಆದರೆ ಅದೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಮುಂದೆ, ಹಳ್ಳಿಯ ಸ್ಮಶಾನದ ದಿಬ್ಬದ ಮೇಲೆ, ಅವರ ಹೆಂಡತಿ ಮೇರಿ ವಾಟ್ಸ್ ವಿನ್ಯಾಸ ಮಾಡಿದ ಕೆಂಪು ಚಾಪೆಲ್, ಅಂದರೆ ಪುಟ್ಟ ಪ್ರಾರ್ಥನಾ ಮಂದಿರ, ಇದೆ. ಮೊದಲು ಅಲ್ಲಿಗೆ ಹೋಗಿ. ಟಿಕೆಟ್ ಇಲ್ಲ. ಮೇರಿ ಹುಟ್ಟಿದ್ದು 1849ರಲ್ಲಿ, ನಮ್ಮ ಅಹಮದ್‌ನಗರದಲ್ಲಿ. 1895ರಲ್ಲಿ ಇವರು ಊರಿನವರನ್ನೇ ಮನೆಗೆ ಕರೆದು ಜೇಡಿಮಣ್ಣಿನ ಕೆಲಸ ಕಲಿಸಿದರು, ಮಣ್ಣು ಕೂಡ ತಮ್ಮ ಜಮೀನಿನದೇ. ಹೀಗೆ ಸುಮಾರು 70 ಜನ ಕೈ ಹಾಕಿದ ಕೆಲಸ ಈ ಚಾಪೆಲ್.

ಒಳಗೆ ಹೋಗುವ ಆತುರ ಬೇಡ. ಬಾಗಿಲ ಸುತ್ತ ಇರುವ ಸುಟ್ಟಮಣ್ಣಿನ ಪಟ್ಟಿಯನ್ನು ಹತ್ತಿರದಿಂದ ನೋಡಿ. ಒಂದಕ್ಕೊಂದು ಹೆಣೆದುಕೊಂಡ ಬಳ್ಳಿಗಳ ನಡುವೆ ದೇವದೂತರ ಮುಖಗಳಿವೆ, ಒಂದರ ಹಾಗೆ ಇನ್ನೊಂದಿಲ್ಲ. ಒಂದರ ಕೆನ್ನೆ ತುಂಬಿದೆ, ಪಕ್ಕದ್ದರ ಮೂಗು ಸ್ವಲ್ಪ ಓರೆ. ಅಚ್ಚಿನಲ್ಲಿ ಒತ್ತಿದ್ದಾದರೆ ಹೀಗಿರುತ್ತಿರಲಿಲ್ಲ, ದಿನವಿಡೀ ಬೇರೆ ಕೆಲಸ ಮಾಡಿ ಸಂಜೆ ಬಂದು ಕೂತವರ ಬೆರಳು ಅಲ್ಲಿ ಕಾಣುತ್ತದೆ. ನನಗೆ ಗಂಟಲು ಕಟ್ಟಿತು.

ಒಳಗೆ ಮೊದಲು ಕತ್ತಲೆ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಆಮೇಲೆ ಗೋಡೆಯ ತುಂಬ ಕೆಂಪು, ಹಸಿರು, ಚಿನ್ನದ ಬಣ್ಣದ ದೇವದೂತರು ಒಬ್ಬೊಬ್ಬರಾಗಿ ಕಾಣತೊಡಗುತ್ತಾರೆ, ಒಬ್ಬರು ಮುಖ ತೋರಿದರೆ ಪಕ್ಕದವರು ಬೆನ್ನು ತಿರುಗಿಸಿದ್ದಾರೆ. ಈ ಒಳಗಿನ ಕೆಲಸ ಮುಗಿದದ್ದು 1904ರಲ್ಲಿ. ಗಂಡ ತೀರಿಕೊಂಡದ್ದೂ ಅದೇ ವರ್ಷ.

ಹೊರಗೆ ಬಂದು ದಿಬ್ಬದ ಮೇಲಕ್ಕೂ ಹತ್ತಿ, ವಾಟ್ಸ್ ಸಮಾಧಿ ಅಲ್ಲಿದೆ. ಇಂದಿಗೂ ಊರಿನವರು ಬಂದು ಹೂವಿಡುವ ಜಾಗ, ಫೋಟೋ ತೆಗೆಯುವಾಗ ನೋಡಿಕೊಂಡು ತೆಗೆಯಿರಿ. ಗ್ಯಾಲರಿಗೆ ಟಿಕೆಟ್ ಇದೆ, ವಾರದ ಎಲ್ಲ ದಿನ ತೆರೆದಿರುವುದಿಲ್ಲ. ಪಕ್ಕದ ಟೀ ಅಂಗಡಿಯಲ್ಲಿ ಊಟ ಸಿಗುತ್ತದೆ.