ಸ್ಟ್ಯಾನ್‌ಫರ್ಡ್ ಮೈದಾನದಲ್ಲಿ ಕೇಳಿದ ‘ಆಲ್ ರೈಟ್ ನೌ’

ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಟಚ್‌ಡೌನ್ ಆಗಿ ಅಂಕ ಸಿಕ್ಕ ಕೂಡಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೀಡಾಂಗಣದ ಒಂದು ಮೂಲೆಯಿಂದ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನುಗಳು ಒಮ್ಮೆಲೇ ಮೊಳಗಿದವು. ಕೆಂಪು ಅಂಗಿ ತೊಟ್ಟ ಸಾವಿರಾರು ಜನ ಎದ್ದು ನಿಂತು ಕುಣಿಯತೊಡಗಿದರು. ಗಿಟಾರ್ ಇರಲಿಲ್ಲ, ಹಾಡುವವರೂ ಇರಲಿಲ್ಲ. ಆದರೂ ಮೊದಲ ನಾಲ್ಕಾರು ಸ್ವರಗಳಿಗೇ ನನಗೆ ಗುರುತು ಸಿಕ್ಕಿತು. ಅದು ಇಂಗ್ಲೆಂಡಿನ ‘ಫ್ರೀ’ ತಂಡದ ‘ಆಲ್ ರೈಟ್ ನೌ’. ಬೆಂಗಳೂರಿನ ಕಾಲೇಜು ದಿನಗಳಲ್ಲಿ ಅಣ್ಣನ ಕ್ಯಾಸೆಟ್ಟಿನಿಂದ ಕೇಳಿ ಕೇಳಿ ಮನಸ್ಸಿನಲ್ಲಿ ಉಳಿದಿದ್ದ ಹಾಡು ಕ್ಯಾಲಿಫೋರ್ನಿಯಾದ ಶನಿವಾರದ ಬಿಸಿಲಿನಲ್ಲಿ ಹಿತ್ತಾಳೆಯ ವಾದ್ಯಗಳಿಂದ ಹೊರಟು ಬರುವುದೆಂದು ನಾನು ನಿರೀಕ್ಷಿಸಿರಲಿಲ್ಲ.

ಆ ಪಂದ್ಯಕ್ಕೆ ನಾನು ಹೋದದ್ದು, ಮೈಸೂರಿನಿಂದ ಬಂದು ಸನಿವೇಲ್‌ನಲ್ಲಿ ನೆಲೆಸಿರುವ ಗೆಳೆಯನ ಮಗ ವಿಶ್ವವಿದ್ಯಾಲಯದ ಬ್ಯಾಂಡಿನಲ್ಲಿ ಸೂಸಾಫೋನ್ ಎಂಬ ದೊಡ್ಡ ಹಿತ್ತಾಳೆ ವಾದ್ಯ ಊದುತ್ತಾನೆ ಎಂಬ ಕಾರಣಕ್ಕೆ. ಈ ಬ್ಯಾಂಡು ಸಾಲುಗಟ್ಟಿ ಹೆಜ್ಜೆ ಹಾಕುವಂಥದ್ದಲ್ಲ. ಮೈದಾನದಲ್ಲಿ ನಿಂತು ಮೂಡಿಸುವ ಒಂದು ಆಕೃತಿಯಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲರೂ ದಿಕ್ಕಾಪಾಲಾಗಿ ಓಡುತ್ತಾರೆ. ಎಪ್ಪತ್ತರ ದಶಕದಿಂದ ಈ ಹಾಡು ಅವರ ಗೆಲುವಿನ ಹಾಡಾಗಿದೆ. ವಿಶ್ವವಿದ್ಯಾಲಯವು ಅಧಿಕೃತವಾಗಿ ಆರಿಸಿದ್ದಲ್ಲ, ನುಡಿಸುವವರೂ ಕೇಳುವವರೂ ಸೇರಿ ತಮ್ಮದಾಗಿಸಿಕೊಂಡದ್ದು. ಲಂಡನ್ನಿನ ಹುಡುಗರು ಕಟ್ಟಿದ ಬ್ಲೂಸ್-ರಾಕ್ ಹಾಡೊಂದು ಇಷ್ಟು ದೂರ ಬಂದು, ತನ್ನ ಮಾತುಗಳನ್ನೂ ಗಿಟಾರನ್ನೂ ಕಳಚಿಟ್ಟು, ಇಷ್ಟು ಗಟ್ಟಿಯಾಗಿ ನಿಂತದ್ದು ಹೇಗೆ ಎಂಬ ಪ್ರಶ್ನೆ ಆಟ ಮುಗಿಯುವವರೆಗೂ ನನ್ನನ್ನು ಬಿಡಲಿಲ್ಲ.

ಹುಡುಗರು ಎಂದದ್ದು ಸುಮ್ಮನಲ್ಲ. 1968ರಲ್ಲಿ ತಂಡ ಹುಟ್ಟಿದಾಗ ಬೇಸ್ ಗಿಟಾರಿನ ಆಂಡಿ ಫ್ರೇಸರ್‌ಗೆ ಹದಿನೈದು ವರ್ಷ. ಆ ವೇಳೆಗಾಗಲೇ ಆತ ಬ್ಲೂಸ್ ಸಂಗೀತಗಾರ ಜಾನ್ ಮಾಯಲ್ ಅವರ ತಂಡದಲ್ಲಿ ನುಡಿಸಿ ಬಂದಿದ್ದ. ಗಾಯಕ ಪಾಲ್ ರಾಜರ್ಸ್, ಗಿಟಾರಿನ ಪಾಲ್ ಕಾಸಫ್, ಡ್ರಮ್ಸ್‌ನ ಸೈಮನ್ ಕರ್ಕ್ ಕೂಡ ಹದಿಹರೆಯದವರೇ. ‘ಫ್ರೀ’ ಎಂಬ ಹೆಸರನ್ನು ಸೂಚಿಸಿದವರು ಲಂಡನ್ನಿನ ಬ್ಲೂಸ್ ವಲಯದ ಹಿರಿಯ ಅಲೆಕ್ಸಿಸ್ ಕಾರ್ನರ್. ಮೊದಲ ಎರಡು ಆಲ್ಬಂಗಳು ಹೆಚ್ಚು ಮಾರಾಟವಾಗಲಿಲ್ಲ. ಡರಮ್ ಪಟ್ಟಣದಲ್ಲಿ ಒಂದು ರಾತ್ರಿ ಕಾರ್ಯಕ್ರಮ ನೀರಸವಾಗಿ ಮುಗಿದು, ಅವರು ವೇದಿಕೆಯಿಂದ ಇಳಿಯುವಷ್ಟರಲ್ಲೇ ಚಪ್ಪಾಳೆ ನಿಂತುಹೋಗಿತ್ತೆಂದೂ, ಒಳಗಿನ ಕೋಣೆಯಲ್ಲಿ ಎಲ್ಲರೂ ಮುಖ ಬಾಡಿಸಿಕೊಂಡು ಕುಳಿತಿದ್ದಾಗ ಅವರನ್ನು ಹುರಿದುಂಬಿಸಲು ಫ್ರೇಸರ್ ‘ಆಲ್ ರೈಟ್ ನೌ’ ಎಂದು ಗುನುಗುತ್ತ ಓಡಾಡಿದನೆಂದೂ ಕರ್ಕ್ ಮುಂದೆ ನೆನಪಿಸಿಕೊಂಡಿದ್ದಾರೆ. ಜನರನ್ನು ಎಬ್ಬಿಸಿ ಕುಣಿಸುವ ಹಾಡು ತಮ್ಮ ಬಳಿ ಇಲ್ಲ ಎಂಬ ಕೊರತೆಯೇ ಆ ರಾತ್ರಿ ಹಾಡಾಯಿತು. 1970ರಲ್ಲಿ ಅದು ಬಿಡುಗಡೆಯಾದಾಗ ನಾಲ್ವರಲ್ಲಿ ಒಬ್ಬರಿಗೂ ಇಪ್ಪತ್ತೊಂದು ತುಂಬಿರಲಿಲ್ಲ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ, ಅಮೆರಿಕದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಅದು ಏರಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಸಂಗೀತೋತ್ಸವದಲ್ಲಿ ಅವರು ಲಕ್ಷಾಂತರ ಜನರೆದುರು ನಿಂತರು.

ಪಂದ್ಯದ ನಂತರ ಕ್ರೀಡಾಂಗಣದ ಪಕ್ಕದ ನೀಲಗಿರಿ ಮರಗಳ ತೋಪಿನಲ್ಲಿ, ಗೆಳೆಯನ ಮನೆಯವರು ತಂದಿದ್ದ ಪುಳಿಯೋಗರೆಯನ್ನು ಹಂಚಿಕೊಳ್ಳುತ್ತಿದ್ದಾಗ ಹುಡುಗ ಬಂದು ಸೇರಿದ. ಈ ಹಾಡು ಯಾರದೆಂದು ಗೊತ್ತೇ ಎಂದು ಕೇಳಿದೆ.

“ನಮ್ಮ ಬ್ಯಾಂಡಿನದೇ ಅಲ್ವಾ ಅಂಕಲ್?” ಎಂದ.

ಆ ಉತ್ತರ ನನಗೆ ಬೇಸರ ತರಲಿಲ್ಲ. ಕಟ್ಟಿದವರ ಹೆಸರನ್ನು ಹಿಂದೆ ಬಿಟ್ಟು ಹಾಡೊಂದು ಜನರ ನಡುವೆ ಓಡಾಡುವುದು ಅದಕ್ಕೆ ಸಿಗಬಹುದಾದ ದೊಡ್ಡ ಮನ್ನಣೆಯೆಂದೇ ನಾನು ಬಲ್ಲೆ. ಆದರೂ ಮೂಲವನ್ನು ಅವನಿಗೆ ಕೇಳಿಸಲೇಬೇಕೆನಿಸಿ ಫೋನಿನಲ್ಲಿ ಹಾಕಿ ಕೊಟ್ಟೆ. ಒಂದು ಚರಣ ಮುಗಿಯುವುದರೊಳಗೆ ಹುಬ್ಬು ಗಂಟಿಕ್ಕಿ, “ಬೇಸ್ ಎಲ್ಲಿ ಅಂಕಲ್, ಕೇಳಿಸ್ತಾನೇ ಇಲ್ಲ?” ಎಂದ. ಕೆಳಸ್ಥಾಯಿಯ ವಾದ್ಯ ಊದುವವನಾದ್ದರಿಂದ, ಅದೆಷ್ಟೋ ಕಾಲ ಕೇಳಿದವರ ಗಮನಕ್ಕೂ ಬಾರದ್ದು ಅವನಿಗೆ ಥಟ್ಟನೆ ಹೊಳೆದಿತ್ತು.

ಈ ಹಾಡಿನ ಜೀವಾಳವೇ ಅದು. ಚರಣದುದ್ದಕ್ಕೂ ಫ್ರೇಸರ್ ನುಡಿಸುವುದಿಲ್ಲ. ಕಾಸಫ್ ಗಿಟಾರಿನ ಸ್ವರಮೇಳವನ್ನು ಒಮ್ಮೆ ಬಾರಿಸಿ, ತಡೆದು, ಮತ್ತೆ ಬಾರಿಸುತ್ತಾನೆ. ಕರ್ಕ್‌ನ ಡ್ರಮ್ಸ್ ಅಲಂಕಾರವಿಲ್ಲದೆ ನೇರವಾಗಿ ನಡೆಯುತ್ತದೆ. ನಡುವಿನ ಖಾಲಿ ಜಾಗದಲ್ಲಿ ರಾಜರ್ಸ್‌ನ ದನಿ, ಬೀದಿಯಲ್ಲಿ ಕಂಡ ಹೆಣ್ಣೊಬ್ಬಳನ್ನು ಮಾತನಾಡಿಸಿದ ಹಗುರ ಕಥೆಯನ್ನು ಹೇಳುತ್ತ ಹೋಗುತ್ತದೆ. ಪಲ್ಲವಿಗೆ ಬಂದಾಗ ಮಾತ್ರ ಬೇಸ್ ಸೇರುತ್ತದೆ. ಕಛೇರಿಯಲ್ಲಿ ಅನುಭವಿ ಮೃದಂಗ ವಾದಕರು ಒಂದು ಸಾಲನ್ನು ನುಡಿಸದೆ ಬಿಟ್ಟು ಮುಂದಿನ ಸಾಲಿಗೆ ಸೇರಿಕೊಂಡಾಗ ಇಡೀ ಸಭೆ ತಲೆದೂಗುವಂತೆ, ಇಲ್ಲಿಯೂ ಆ ಸೇರುವಿಕೆಯೊಂದೇ ಕೇಳುಗನನ್ನು ಎಬ್ಬಿಸಿ ನಿಲ್ಲಿಸಲು ಸಾಕು. ಹದಿನೇಳರ ಹುಡುಗನೊಬ್ಬ ತನ್ನ ಕೈಯನ್ನು ಅಷ್ಟು ಹೊತ್ತು ಕಟ್ಟಿಕೊಂಡು ಕಾದದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಹಾಡಿನೊಳಗೆ ಇಷ್ಟು ತೆರವಿರುವುದರಿಂದಲೇ ಅದು ಬೇರೆ ವಾದ್ಯಗಳಿಗೂ ಮೈದಾನದ ಕೂಗಿಗೂ ಎಡೆಕೊಡುತ್ತದೆ ಎಂಬುದು ನನ್ನ ಅನಿಸಿಕೆ.

ತಂಡದ ಧ್ವನಿಮುದ್ರಣ ಸಂಸ್ಥೆಯಾದ ಐಲ್ಯಾಂಡ್ ರೆಕಾರ್ಡ್ಸ್‌ನ ಕ್ರಿಸ್ ಬ್ಲ್ಯಾಕ್‌ವೆಲ್ ರೇಡಿಯೊಗೆ ಹೊಂದುವಂತೆ ಇದನ್ನು ಕತ್ತರಿಸಿ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ, ಹೊರತಂದರು. ಹಾಡು ಅಷ್ಟು ಹರಡಲು ಅದು ನೆರವಾಗಿರಬಹುದು. ಆದರೆ ‘ಫೈರ್ ಅಂಡ್ ವಾಟರ್’ ಆಲ್ಬಂನಲ್ಲಿರುವ ಐದೂವರೆ ನಿಮಿಷದ ರೂಪದಲ್ಲಿ ಕಾಸಫ್‌ನ ಗಿಟಾರು ಬೇಸಿನ ಆಸರೆಯ ಮೇಲೆ ನಿಧಾನವಾಗಿ ಮೇಲೇರುವ ಬಗೆಗೆ ಸಾಟಿಯಿಲ್ಲ. ನಾನು ಅಂದು ಕೇಳಿಸಿದ್ದೂ ಅದನ್ನೇ.

ಗೆಲುವು ತಂಡಕ್ಕೆ ಒಗ್ಗಲಿಲ್ಲ. ಮುಂದಿನ ಸಿಂಗಲ್ ‘ದ ಸ್ಟೀಲರ್’ ಬ್ರಿಟನ್ನಿನ ಪಟ್ಟಿಯನ್ನೇ ಮುಟ್ಟಲಿಲ್ಲ, 1971ರಲ್ಲಿ ಅವರು ಬೇರ್ಪಟ್ಟರು, ಮತ್ತೆ ಕೂಡಿದರೂ 1973ರ ಹೊತ್ತಿಗೆ ಎಲ್ಲ ಮುಗಿದಿತ್ತು. ರಾಜರ್ಸ್ ಮತ್ತು ಕರ್ಕ್ ‘ಬ್ಯಾಡ್ ಕಂಪನಿ’ ಎಂಬ ಹೊಸ ತಂಡ ಕಟ್ಟಿದರು. ಮಾದಕ ವ್ಯಸನದಿಂದ ಜರ್ಜರಿತನಾಗಿದ್ದ ಕಾಸಫ್ 1976ರ ಮಾರ್ಚ್‌ನಲ್ಲಿ ವಿಮಾನ ಪ್ರಯಾಣದಲ್ಲೇ ತೀರಿಕೊಂಡಾಗ ಅವನಿಗೆ ಇಪ್ಪತ್ತೈದು. ಫ್ರೇಸರ್ 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ನಿಧನನಾದ. 1991ರಲ್ಲಿ ಚೂಯಿಂಗ್ ಗಮ್ ಜಾಹೀರಾತಿನ ಮೂಲಕ ಮರಳಿ ಬಂದ ಹಾಡು ಬ್ರಿಟನ್ನಿನಲ್ಲಿ ಮತ್ತೆ ಮೊದಲ ಹತ್ತರೊಳಗೆ ನಿಂತಿತು.

ಹೊರಡುವ ಮುನ್ನ ಹುಡುಗ ಇನ್ನೇನು ಕೇಳಲಿ ಎಂದಾಗ ನಾನು ಅದೇ ಆಲ್ಬಂನ ‘ಮಿಸ್ಟರ್ ಬಿಗ್’ ಎಂದೆ. ‘ಆಲ್ ರೈಟ್ ನೌ’ ಹಾಡಿನಲ್ಲಿ ಕಾದು ಕುಳಿತ ಬೇಸ್ ಅಲ್ಲಿ ಮುಂದೆ ಬಂದು ತನ್ನ ಮಾತನ್ನೆಲ್ಲ ಹೇಳುತ್ತದೆ. ಸೂಸಾಫೋನ್ ಊದುವವನು ಮೊದಲು ಕೇಳಬೇಕಾದದ್ದು ಅದನ್ನೇ.