ಜ್ಞಾನಭಾರತಿಗೆ ಬಂದ ಹೆಸರು

ನಾನು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದವನು ಅಂದ ಕೂಡಲೇ ಜನ ಪರೀಕ್ಷೆಯ ಮಾತು ತೆಗೆಯುತ್ತಾರೆ. ಫಲಿತಾಂಶ, ಮರುಮೌಲ್ಯಮಾಪನ, ಅಂಕಪಟ್ಟಿ. ಅಲ್ಲಿ ಪಾಠ ಹೇಗಿತ್ತು ಅಂತ ಕೇಳುವವರು ತುಂಬಾ ಕಡಿಮೆ. ಅವರ ತಪ್ಪೂ ಅಲ್ಲ. ಈ ವಿಶ್ವವಿದ್ಯಾಲಯದ ಪದವಿ ಪಡೆದವರಲ್ಲಿ ಹೆಚ್ಚಿನವರು ಅದರ ಆವರಣವಾದ ಜ್ಞಾನಭಾರತಿಯ ಒಳಗೆ ಕಾಲಿಟ್ಟವರೇ ಅಲ್ಲ. ಜಯನಗರದಲ್ಲೋ ಕೋಲಾರದಲ್ಲೋ ಒಂದು ಕಾಲೇಜಿನಲ್ಲಿ ಓದಿದರು, ಸರ್ಟಿಫಿಕೇಟಿನ ಮೇಲೆ ಈ ಹೆಸರು ಕಂಡರು, ಅಷ್ಟೇ.

1964ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬೇರೆಯಾದಾಗ ಇದಕ್ಕೆ ಬಂದ ಆಸ್ತಿ ಸಣ್ಣದಲ್ಲ. 1858ರ ಸೆಂಟ್ರಲ್ ಕಾಲೇಜು ಬಂತು. ವಿಶ್ವೇಶ್ವರಯ್ಯನವರು 1917ರಲ್ಲಿ ಶುರುಮಾಡಿಸಿದ ಎಂಜಿನಿಯರಿಂಗ್ ಕಾಲೇಜೂ ಬಂತು. ಆಮೇಲೆ ಊರು ಬೆಳೆಯಿತು, ಕಾಲೇಜುಗಳು ಬೆಳೆದವು. ಮೆಡಿಕಲ್ ಪರೀಕ್ಷೆಯೂ ಇಲ್ಲೇ, ಎಂಜಿನಿಯರಿಂಗ್ ಪರೀಕ್ಷೆಯೂ ಇಲ್ಲೇ, ಬಿ.ಕಾಂ. ಪರೀಕ್ಷೆಯೂ ಇಲ್ಲೇ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಬಂದ ಮೇಲೆ, 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆಂದೇ ಬೆಳಗಾವಿಯ ವಿಟಿಯು ಬಂದ ಮೇಲೆ ಸ್ವಲ್ಪ ಹೊರೆ ಇಳಿಯಿತು. ಆದರೂ 2017ರಲ್ಲಿ ಮೂರು ಭಾಗವಾಗುವ ಹೊತ್ತಿಗೆ ಆರು ನೂರಕ್ಕೂ ಹೆಚ್ಚು ಕಾಲೇಜುಗಳು ಇದರ ಕೈಕೆಳಗಿದ್ದವು. ಅಷ್ಟು ಕಾಲೇಜುಗಳ ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಘಟಿಕೋತ್ಸವ ನೋಡಿಕೊಳ್ಳುವ ಕಚೇರಿಗೆ ಒಳ್ಳೆಯ ಹೆಸರು ಬರುವುದು ಕಷ್ಟ. ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಇರುವ ಹೆಸರು ಬಹುಪಾಲು ಆ ಕಚೇರಿಗೆ ಬಂದ ಹೆಸರು. ವಿಭಾಗಗಳ ಲೆಕ್ಕ ಬೇರೆಯೇ ಇಡಬೇಕು ಅನ್ನುವುದು ನನ್ನ ವಾದ.

ನಾನು ಕನ್ನಡ ಎಂ.ಎ.ಗೆ ಸೇರಿದ್ದು ತೊಂಬತ್ತರ ದಶಕದ ನಡುವೆ. ಆಗಿನ್ನೂ ಬಿಟಿಎಸ್ ಬಸ್ಸುಗಳ ಕಾಲ. ಮೈಸೂರು ರಸ್ತೆ ದಾಟಿ ಒಳಗೆ ಬಂದರೆ ಸಾವಿರ ಎಕರೆಗೂ ಜಾಸ್ತಿ ಜಾಗ, ಬರೀ ಮರಗಳು. ಜಿ.ಎಸ್. ಶಿವರುದ್ರಪ್ಪನವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಆದರೆ ನಮ್ಮ ವಿಭಾಗವಾದ ಕನ್ನಡ ಅಧ್ಯಯನ ಕೇಂದ್ರ ನಡೆಯುತ್ತಿದ್ದದ್ದು ಅವರು ಹಾಕಿಕೊಟ್ಟ ದಾರಿಯಲ್ಲೇ. ಅವರ ಮುಂದಾಳತ್ವದಲ್ಲಿ ಬಂದ ಸಾಹಿತ್ಯ ಚರಿತ್ರೆಯ ದಪ್ಪ ಸಂಪುಟಗಳನ್ನು ಲೈಬ್ರರಿಯಲ್ಲಿ ಸರದಿ ಹಚ್ಚಿ ಓದುತ್ತಿದ್ದೆವು. ಯಾರೋ ಒಬ್ಬರು ಬರೆದ ಪುಸ್ತಕ ಅದಲ್ಲ, ಹತ್ತಾರು ವಿದ್ವಾಂಸರನ್ನು ಒಂದೆಡೆ ಕೂರಿಸಿ ಬರೆಸಿದ ಕೆಲಸ. ವಿಶ್ವವಿದ್ಯಾಲಯ ಇರಬೇಕಾದದ್ದೇ ಇಂಥದ್ದಕ್ಕೆ, ಅಲ್ವಾ?

ಕಿ.ರಂ. ನಾಗರಾಜ ಮೇಷ್ಟ್ರ ತರಗತಿ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಬೇಂದ್ರೆಯವರ ಪದ್ಯವನ್ನು ಪುಸ್ತಕ ನೋಡದೆ ಹೇಳುತ್ತಿದ್ದರು. ಒಂದು ಸಾಲಿಗೆ ನಿಂತು, ಅಲ್ಲಿಂದ ಅಲ್ಲಮನಿಗೆ ಹೋಗಿ, ಕುಮಾರವ್ಯಾಸನನ್ನು ಮಾತಾಡಿಸಿ, ಮತ್ತೆ ಅದೇ ಸಾಲಿಗೆ ಬರುತ್ತಿದ್ದರು. ಗಂಟೆ ಹೊಡೆದ ಮೇಲೂ ಮಾತು ನಿಲ್ಲುತ್ತಿರಲಿಲ್ಲ, ಟೀ ಅಂಗಡಿವರೆಗೂ ಹಿಂದೆ ಹೋಗುತ್ತಿದ್ದೆವು. ಅವರು ಬರೆದದ್ದು ಕಡಿಮೆ. ಹಾಗಾಗಿ ಪ್ರಕಟಣೆ ಎಣಿಸಿ ರ‍್ಯಾಂಕ್ ಕೊಡುವ ಯಾವ ಪಟ್ಟಿಯಲ್ಲೂ ಆ ಪಾಠಕ್ಕೆ ಅಂಕ ಸಿಗುವುದಿಲ್ಲ. ನನ್ನಂಥವರು ಇವತ್ತಿಗೂ ಪದ್ಯ ಓದುವುದು ಅವರು ಕಲಿಸಿದ ರೀತಿಯಲ್ಲೇ.

ಸಿದ್ಧಲಿಂಗಯ್ಯ, ಡಿ.ಆರ್. ನಾಗರಾಜ್, ಬರಗೂರು ರಾಮಚಂದ್ರಪ್ಪ, ಎಲ್ಲರೂ ಇದೇ ವಿಭಾಗದವರು. ದಲಿತ ಬಂಡಾಯದ ಚಳವಳಿ ಕಟ್ಟಿದವರೇ ನಮಗೆ ಆ ಸಾಹಿತ್ಯವನ್ನು ಪಾಠ ಹೇಳುತ್ತಿದ್ದರು. ನಮ್ಮ ಬ್ಯಾಚಿನಲ್ಲಿ ಮಾಗಡಿ, ಕನಕಪುರ, ಗೌರಿಬಿದನೂರು, ಮಾಲೂರು ಕಡೆಯವರೇ ಜಾಸ್ತಿ. ಮನೆಯಲ್ಲಿ ಎಂ.ಎ. ತನಕ ಬಂದವರಲ್ಲಿ ಮೊದಲಿಗರು ಎಷ್ಟೋ ಮಂದಿ. ಅಂಥವರಿಗೆ, ತನ್ನಂಥ ಕೇರಿಯಿಂದ ಬಂದ ಕವಿ ಎದುರಿಗೆ ಮೇಷ್ಟ್ರಾಗಿ ನಿಂತಿರುವುದು ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ.

ಗೌರಿಬಿದನೂರು ಅಂದಾಗ ಎಚ್. ನರಸಿಂಹಯ್ಯನವರ ನೆನಪು ಬರಲೇಬೇಕು. ಆ ಸೀಮೆಯ ಹೊಸೂರಿನ ಬಡ ಹುಡುಗ, ಓದಲಿಕ್ಕೆ ಬೆಂಗಳೂರಿಗೆ ನಡೆದುಕೊಂಡು ಬಂದವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1972ರಿಂದ 77ರವರೆಗೆ ಇದೇ ವಿಶ್ವವಿದ್ಯಾಲಯದ ಕುಲಪತಿಯಾದರು. ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸುವ ಸಮಿತಿಯನ್ನು 1976ರಲ್ಲಿ ಮಾಡಿದರು. ಆ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳುವ ಧೈರ್ಯ ಅವರಿಗಿತ್ತು. ನಾನು ಅವರ ಕಾಲದವನಲ್ಲ. ಆದರೂ ನಮ್ಮ ಹಿರಿಯರು ಆ ಕಥೆಗಳನ್ನು ಹೇಳುವಾಗ ಅವರ ದನಿಯಲ್ಲಿದ್ದ ಹೆಮ್ಮೆ ನಮಗೂ ಅಂಟಿತ್ತು.

ಈಗ ಪರೀಕ್ಷೆಯ ಹೊರೆ ಹಂಚಿಹೋಗಿದೆ. ಸೆಂಟ್ರಲ್ ಕಾಲೇಜು ಬೇರೆ ವಿಶ್ವವಿದ್ಯಾಲಯದ ಆವರಣ. ಉತ್ತರ ಭಾಗದ ಕಾಲೇಜುಗಳಿಗೆ ಮತ್ತೊಂದು. ವಿಶ್ವೇಶ್ವರಯ್ಯನವರ ಆ ಎಂಜಿನಿಯರಿಂಗ್ ಕಾಲೇಜು, ಅಂದರೆ ಯುವಿಸಿಇ ಕೂಡ ಸ್ವಾಯತ್ತ ಸಂಸ್ಥೆಯಾಗಿದೆ. ಮೆಟ್ರೋಗೆ ಜ್ಞಾನಭಾರತಿ ಅಂತಲೇ ಒಂದು ನಿಲ್ದಾಣ ಬಂದಿದೆ. ಪಾಠಕ್ಕೆ ಬಿಡುವು ಸಿಗಬೇಕಾದ ಕಾಲ ಇದು. ಆದರೆ ಪಾಠ ಮಾಡುವವರೇ ಕಡಿಮೆ. ಮಂಜೂರಾದ ಬೋಧಕ ಹುದ್ದೆಗಳು ಎಷ್ಟೋ ಖಾಲಿ ಬಿದ್ದಿವೆ. ಅತಿಥಿ ಉಪನ್ಯಾಸಕರು ವರ್ಷದಿಂದ ವರ್ಷಕ್ಕೆ ಕೆಲಸ ಉಳಿಯುತ್ತೋ ಇಲ್ಲವೋ ಅಂತ ಕಾಯುತ್ತಾ ವಿಭಾಗಗಳನ್ನು ನಡೆಸುತ್ತಿದ್ದಾರೆ. ಅವರಲ್ಲೂ ಒಳ್ಳೆಯ ಮೇಷ್ಟ್ರುಗಳಿದ್ದಾರೆ. ಆದರೆ ಹತ್ತು ವರ್ಷ ಹಿಡಿಯುವ ಸಾಹಿತ್ಯ ಚರಿತ್ರೆಯ ಕೆಲಸವನ್ನು, ಮುಂದಿನ ಜೂನ್‌ಗೆ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಕೈಗೆತ್ತಿಕೊಳ್ಳುವುದು ಹೇಗೆ?

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ ಇದು. ಕಚೇರಿಗೆ ಬಂದ ಕೆಟ್ಟ ಹೆಸರಿಗೆ ಕಾರಣ ಇತ್ತು. ನಮ್ಮ ವಿಭಾಗಕ್ಕೆ ಸಿಕ್ಕ ಹೆಸರು ಅದರ ಯೋಗ್ಯತೆಗಿಂತ ಕಡಿಮೆಯೇ. ಇವತ್ತಿನ ವಿಭಾಗಕ್ಕೆ ನಾಳೆ ಯಾವ ಹೆಸರು ಬರುತ್ತದೆ ಅನ್ನುವುದು ನೇಮಕಾತಿಯ ಮೇಲೆ ನಿಂತಿದೆ. ನಮ್ಮ ಹಳೆಯ ವಿದ್ಯಾರ್ಥಿಗಳ ಮುಂದಿನ ಸಭೆಯಲ್ಲಿ ಸನ್ಮಾನ, ಶಾಲು, ಗ್ರೂಪ್ ಫೋಟೋ ಎಲ್ಲ ಇರಲಿ. ಅದಕ್ಕೂ ಮೊದಲು ಖಾಲಿ ಹುದ್ದೆ ತುಂಬಿ ಅಂತ ಸರ್ಕಾರಕ್ಕೆ ಒಂದು ಮನವಿ ಬರೆದು ಎಲ್ಲರೂ ಸಹಿ ಹಾಕೋಣ. ಕರಡು ನಾನು ಸಿದ್ಧಮಾಡಿ ತರುತ್ತೇನೆ.