ರಾಯಚೂರಿನ ಮಾಳಿಗೆಯ ಮೇಲೆ ಡ್ರಾಸೆರಾ ಬಿತ್ತನೆ

ಡ್ರಾಸೆರಾ ಕುಲದ ಕೀಟಾಹಾರಿ ಗಿಡಗಳ ಎಲೆಯ ತುಂಬ ಸಣ್ಣ ರೋಮಗಳಿದ್ದು, ಪ್ರತಿ ರೋಮದ ತುದಿಯಲ್ಲಿ ಅಂಟಿನ ಹನಿಯೊಂದು ಹೊಳೆಯುತ್ತಿರುತ್ತದೆ. ಅದಕ್ಕೆ ಸಿಕ್ಕಿಕೊಂಡ ಸೊಳ್ಳೆ, ನುಸಿಗಳನ್ನು ಅರಗಿಸಿಕೊಂಡು, ನೆಲದಲ್ಲಿ ದೊರೆಯದ ಸಾರಜನಕವನ್ನು ಗಿಡ ಪಡೆಯುತ್ತದೆ. ನಮ್ಮ ಬಿಸಿಲೂರಿನಲ್ಲಿ ಇವು ಬದುಕಲಾರವು ಎಂದು ಹೇಳುವವರಿದ್ದಾರೆ. ನನ್ನ ಅನುಭವದಲ್ಲಿ ಇಲ್ಲಿ ಇವುಗಳ ಮೊದಲ ಶತ್ರು ನೀರು. ಬಿಸಿಲಿನದು ಎರಡನೆಯ ಸ್ಥಾನ.

ಲವಣಾಂಶ ತೀರ ಕಡಿಮೆ ಇರುವ ಜೌಗು ನೆಲದಲ್ಲಿ ಬೆಳೆದು ಬಂದ ಈ ಗಿಡಗಳ ಬೇರು ಬೋರ್‌ವೆಲ್ಲಿನ ಸವುಳು ನೀರನ್ನು ತಾಳುವುದಿಲ್ಲ. ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಾದಿಗಳ ಒಟ್ಟು ಪ್ರಮಾಣ, ಲೀಟರಿಗೆ 50 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು, ಮೊದಲ ಮಳೆಯದನ್ನು ಬಿಟ್ಟು, ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿದಿಡುತ್ತೇನೆ. ಅದು ಮುಗಿದರೆ ಡಿಸ್ಟಿಲ್ಡ್ ವಾಟರ್ ಆಗಬಹುದು. ಫಿಲ್ಟರ್ ನೀರನ್ನು ಮಾತ್ರ ಮೀಟರಿನಲ್ಲಿ ನೋಡದೆ ಹಾಕಬಾರದು, ಏಕೆಂದರೆ ಶುದ್ಧ ನೀರಿನ ಘಟಕದಿಂದ ಘಟಕಕ್ಕೆ ಅದರ ಲವಣಾಂಶ ಬೇರೆಯಾಗಿರುತ್ತದೆ.

ಮಣ್ಣಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಎರೆಮಣ್ಣು, ಗೊಬ್ಬರ ಎರಡೂ ಸಲ್ಲವು. ಸ್ಫ್ಯಾಗ್ನಮ್ ಪೀಟ್ (ಜೌಗಿನಲ್ಲಿ ಅರೆಕೊಳೆತ ಹಾವಸೆ) ಮತ್ತು ತೊಳೆದ ಸಿಲಿಕಾ ಮರಳನ್ನು ಸಮಪ್ರಮಾಣದಲ್ಲಿ ಬೆರೆಸುತ್ತೇನೆ. ಹೊಳೆಯ ಮರಳನ್ನೇ ಬಳಸಬೇಕೆಂದಿದ್ದರೆ ಅದರ ಮೇಲೆ ಸ್ವಲ್ಪ ವಿನೆಗರ್ ಸುರಿದು ನೋಡಬೇಕು. ನೊರೆ ಎದ್ದರೆ ಸುಣ್ಣವಿದೆ ಎಂದರ್ಥ, ಅದನ್ನು ಕೈಬಿಡಬೇಕು.

ಬೀಜಗಳು ಧೂಳಿನಷ್ಟು ಸಣ್ಣವು. ಮಡಿಸಿದ ಬಿಳಿ ಹಾಳೆಯಲ್ಲಿ ಇಟ್ಟುಕೊಂಡು, ಬೆರಳಿನಿಂದ ಮೆಲ್ಲಗೆ ತಟ್ಟುತ್ತ ತೇವವಿರುವ ಮಿಶ್ರಣದ ಮೇಲೆ ಉದುರಿಸಬೇಕು. ಮೊಳೆಯಲು ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚಬಾರದು. ಮೇಲಿನಿಂದ ನೀರು ಹಾಕಿದರೆ ಬೀಜ ಕೊಚ್ಚಿಹೋಗುತ್ತದೆ. ಕುಂಡವನ್ನು ನೀರಿರುವ ತಟ್ಟೆಯಲ್ಲಿ ಇಟ್ಟು, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಇಡಬೇಕು. ದಕ್ಷಿಣ ಆಫ್ರಿಕಾ ಮೂಲದ ಡ್ರಾಸೆರಾ ಕೇಪೆನ್ಸಿಸ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಮೊಳೆಯುತ್ತದೆ. ಬೀಜದೆಲೆಗಳ ನಂತರ ಬರುವ ಮೊದಲ ಎಲೆಯಲ್ಲಿಯೇ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಅಂಟಿನ ಹನಿಗಳಿರುತ್ತವೆ. ಆ ನೋಟಕ್ಕಾಗಿಯೇ ಬೀಜದಿಂದ ಬೆಳೆಸಬೇಕು ಎನ್ನುತ್ತೇನೆ.

ನಮ್ಮ ಸೀಮೆಗೆ ನಾನು ಮೊದಲು ಹೇಳುವುದು ಭಾರತದಲ್ಲಿಯೇ ಬೆಳೆಯುವ ಎರಡು ಏಕವಾರ್ಷಿಕಗಳನ್ನು: ನೆಲಕ್ಕಂಟಿ ಚಕ್ರದಂತೆ ಹರಡುವ, ಅಂಚಿನ ರೋಮಗಳನ್ನು ಕೆಲವೇ ಸೆಕೆಂಡುಗಳಲ್ಲಿ ಬಗ್ಗಿಸಿ ಕೀಟವನ್ನು ಹಿಡಿಯುವ ಡ್ರಾಸೆರಾ ಬರ್ಮಾನಿ, ಉದ್ದನೆಯ ದಾರದಂಥ ಎಲೆಗಳ ಡ್ರಾಸೆರಾ ಇಂಡಿಕಾ. ಮಳೆ ತಗ್ಗುವ ಹೊತ್ತಿಗೆ ಬಿತ್ತಿದರೆ ಚಳಿಗಾಲದುದ್ದಕ್ಕೂ ಬೆಳೆದು, ಬಿಸಿಲು 40 ಡಿಗ್ರಿ ಮುಟ್ಟುವ ಮುನ್ನ ಬೀಜ ಕಟ್ಟಿ ಮುಗಿಯುತ್ತವೆ. ಬೇಸಿಗೆಯನ್ನು ಬೀಜವಾಗಿಯೇ ಕಳೆಯುತ್ತವೆ. ಇಂಡಿಕಾ ಒಂದೇ ಸಮನೆ ಮೊಳೆಯುವುದಿಲ್ಲವಾದ್ದರಿಂದ ಕುಂಡವನ್ನು ಬೇಗ ಚೆಲ್ಲಬಾರದು. ಬೀಜವನ್ನು ಬೆಳೆಗಾರರಿಂದಲೇ ಪಡೆಯಬೇಕು, ಕಾಡಿನ ಗಿಡಗಳನ್ನು ಕೀಳಬಾರದು.

ಕೇಪೆನ್ಸಿಸ್ ಬಹುವಾರ್ಷಿಕ. ಏಪ್ರಿಲ್‌ನ ಒಣಗಾಳಿಗೆ ಅದರ ಹನಿಗಳು ಆರಿಹೋಗುತ್ತವೆ, ಕೆಲವೊಮ್ಮೆ ಎಲೆಗಳೂ ಸುಡುತ್ತವೆ. ಆದರೆ ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ಬೇರಿನಿಂದ ಮತ್ತೆ ಚಿಗುರಬಲ್ಲದು. 1875ರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಕಟಿಸಿದ ಕೀಟಾಹಾರಿ ಸಸ್ಯಗಳ ಗ್ರಂಥದಲ್ಲಿ ಹೆಚ್ಚಿನ ಪುಟಗಳನ್ನು ಪಡೆದ ಡ್ರಾಸೆರಾ ರೊಟಂಡಿಫೋಲಿಯಾದ ಆಸೆಯನ್ನು ಮಾತ್ರ ಇಲ್ಲಿಯವರು ಬಿಡಬೇಕು. ಅದರ ಬೀಜವನ್ನು ಕೆಲವು ವಾರ ಫ್ರಿಜ್ಜಿನ ತೇವದ ತಂಪಿನಲ್ಲಿಟ್ಟು ಮೊಳೆಸಬಹುದು, ಆದರೆ ಗಿಡಕ್ಕೆ ಬೇಕಾದ ಕೊರೆಯುವ ಚಳಿಗಾಲವನ್ನು ರಾಯಚೂರು ಕೊಡಲಾರದು.

ಬರ್ಮಾನಿ, ಕೇಪೆನ್ಸಿಸ್ ಎರಡೂ ಸ್ವಕೀಯ ಪರಾಗಸ್ಪರ್ಶದಿಂದಲೇ ಬೀಜ ಕಟ್ಟುತ್ತವೆ. ಹೂದಂಟು ಒಣಗಿ ಕಪ್ಪಾದೊಡನೆ ಕತ್ತರಿಸಿ ಹಾಳೆಯ ಮೇಲೆ ಕೊಡವಬೇಕು. ತಡವಾದರೆ ಬೀಜ ಪಕ್ಕದ ಕುಂಡಗಳಿಗೆ ಉದುರಿ ತಳಿಗಳು ಕಲಸಿಹೋಗುತ್ತವೆ. ಒಂದು ತಳಿಯ ಬೀಜವನ್ನು ಕವರಿಗೆ ಹಾಕಿ, ಹೆಸರು ಮತ್ತು ತಿಂಗಳನ್ನು ಬರೆದು, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿದ ಮೇಲಷ್ಟೇ ಇನ್ನೊಂದರ ದಂಟಿಗೆ ಕೈಹಾಕುತ್ತೇನೆ.